ಬಿಗಿದರೆ ತಿರುಗದು, ಸಡಿಲಿಸಿದರೆ ಸೋರುವುದು

ಬಳ್ಳಾರಿ ಸೀಮೆಯ ಕೆರೆ ಕಟ್ಟಿದವರಿಗೆ ನೀರನ್ನು ತಡೆಯುವುದಕ್ಕಿಂತ ಬಿಡುವುದೇ ಕಷ್ಟದ ಕೆಲಸವಾಗಿತ್ತು. ಮಣ್ಣು ಹೇರಿ, ಕಲ್ಲು ಹೊದಿಸಿ ಏರಿ ಕಟ್ಟಿದರೆ ನೀರು ನಿಲ್ಲುತ್ತಿತ್ತು. ಆದರೆ ಆಳದಲ್ಲಿ ಒತ್ತಿಕೊಂಡು ನಿಂತ ಆ ನೀರನ್ನು ಬೇಕೆಂದಾಗ ಬೇಕಾದಷ್ಟೇ ಬಿಡಬೇಕಿತ್ತು, ಸಾಕೆಂದಾಗ ನಿಲ್ಲಿಸಬೇಕಿತ್ತು. ವಿಜಯನಗರದ ಕಾಲದಲ್ಲಿ ಕಮಲಾಪುರದಲ್ಲಿ ದೊಡ್ಡ ಕೆರೆ ತುಂಬಿತು. ತುಂಗಭದ್ರೆಯಿಂದ ಸಿರುಗುಪ್ಪ ಮತ್ತು ದೇಶನೂರು ಕಾಲುವೆಗಳು ಹೊರಟವು. ಕೆರೆಗಳಿಗೆ ತೂಬು ಇಡುತ್ತಿದ್ದರು. ನೀರೊಳಗೆ ಎರಡು ಕಲ್ಲುಕಂಬ, ಅವುಗಳ ಬುಡದಲ್ಲಿ ದುಂಡನೆಯ ತೂತುಳ್ಳ ಹಾಸುಗಲ್ಲು, ಆ ತೂತಿಗೆ ಕೂರುವ ಬಿರಡೆ, ಅದನ್ನು ಎತ್ತಲು ಉದ್ದನೆಯ ಕೋಲು. ಬಿರಡೆ ಕೆಳಕ್ಕೆ ಹೋದಂತೆ ಕಿರಿದಾಗಿರುತ್ತಿದ್ದ ಕಾರಣ ನೀರಿನ ಭಾರವೇ ಅದನ್ನು ತೂತಿಗೆ ಒತ್ತಿ ಕೂರಿಸುತ್ತಿತ್ತು.

ಆ ಬಿರಡೆ ಸವೆಯುತ್ತಿತ್ತು, ಸೋರುತ್ತಲೂ ಇತ್ತು. ಅದರಿಂದ ಯಾರಿಗೂ ನಷ್ಟವಾಗಲಿಲ್ಲ. ಸೋರಿದ್ದು ನೀರು, ಸೇರಿದ್ದು ಕೆಳಗಿನ ಗದ್ದೆ. ಹಾಗಾಗಿ ಬಿರಡೆ ಯಾಕೆ ಒಂದೇ ಕಡೆ ಹೆಚ್ಚು ಸವೆಯುತ್ತದೆ ಎಂದು ಕೇಳುವ ಅಗತ್ಯವೇ ಯಾರಿಗೂ ಬೀಳಲಿಲ್ಲ. ಆ ಪ್ರಶ್ನೆ ಏಳಬೇಕಾದರೆ ಕೊಳವೆಯಲ್ಲಿ ಹರಿಯುವುದು ನೀರಲ್ಲದೆ ಬೇರೇನೋ ಆಗಬೇಕಿತ್ತು.

ರೋಮನ್ನರು ಅಷ್ಟರಲ್ಲಾಗಲೇ ಬಿರಡೆಗೆ ಇನ್ನೊಂದು ಬುದ್ಧಿ ಕಲಿಸಿದ್ದರು. ಎತ್ತುವ ಬದಲು ಅವರು ಅದನ್ನು ತಿರುಗಿಸಿದರು. ಕಂಚಿನ ಗೂಡಿನಲ್ಲಿ ಕಂಚಿನ ಬಿರಡೆ, ಬಿರಡೆಯ ಹೊಟ್ಟೆಯಲ್ಲಿ ಆರಪಾರ ಕಿಂಡಿ. ಕಿಂಡಿ ಕೊಳವೆಯ ನೇರಕ್ಕೆ ಬಂದರೆ ನೀರು ಹರಿಯಿತು, ಕಾಲು ಸುತ್ತು ತಿರುಗಿಸಿದರೆ ನಿಂತಿತು. ಮುಂದೆ ‘ಪ್ಲಗ್ ಕಾಕ್’ ಎಂದು ಹೆಸರಾದ ಈ ಸಾಧನದಲ್ಲಿ ಚಲಿಸುವ ಭಾಗ ಒಂದೇ. ಅದಕ್ಕಿಂತ ಸರಳವಾದ ವಾಲ್ವನ್ನು ಯೋಚಿಸುವುದೂ ಕಷ್ಟ. ಆ ಸರಳತೆಯ ಹಿಂದೆ ಒಂದು ಜಗಳ ಅಡಗಿತ್ತು. ಸೋರದಿರಬೇಕಾದರೆ ಬಿರಡೆ ಗೂಡಿಗೆ ಬಿಗಿಯಾಗಿ ಅಂಟಿರಬೇಕು. ತಿರುಗಬೇಕಾದರೆ ಸಡಿಲವಾಗಿರಬೇಕು. ಎರಡೂ ಏಕಕಾಲಕ್ಕೆ ಆಗಬೇಕಿತ್ತು.

19ನೇ ಶತಮಾನದಲ್ಲಿ ಹಬೆಯ ಬಳಕೆ ಹಬ್ಬಿದಾಗ ಜಗಳ ಬೀದಿಗೆ ಬಿತ್ತು. ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗಾಜಿನ ನಳಿಗೆಯ ಎರಡು ತುದಿಗೂ ಪ್ಲಗ್ ಕಾಕ್‌ಗಳೇ ಇದ್ದವು. ಕಾಕ್ ಸೋರಿದರೆ ಗಾಜು ತೋರಿಸುವ ಮಟ್ಟ ಸುಳ್ಳಾಗುತ್ತಿತ್ತು. ಮಟ್ಟ ಸುಳ್ಳಾದರೆ ಬಾಯ್ಲರ್ ಸಿಡಿಯುವ ಭಯ. ಫಿಟ್ಟರ್‌ಗಳು ಬಿರಡೆಯನ್ನು ಬಿಚ್ಚಿ, ಎಮರಿ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಹಚ್ಚಿ, ಗೂಡಿನೊಳಗೆ ಅತ್ತಿತ್ತ ತಿರುಗಿಸಿ ತಿಕ್ಕಿ ಕೂರಿಸುತ್ತಿದ್ದರು. ಅದಕ್ಕೆ ಲ್ಯಾಪಿಂಗ್ ಎಂದು ಹೆಸರು. ಕೆಲವು ವಾರ ಎಲ್ಲ ಸರಿಯಿರುತ್ತಿತ್ತು. ಆಮೇಲೆ ಕಾಕ್ ಮತ್ತೆ ಕಣ್ಣೀರಿಡುತ್ತಿತ್ತು.

ಬಿಚ್ಚಿ ನೋಡಿದವರಿಗೆ ಒಂದು ವಿಚಿತ್ರ ಕಂಡಿತು. ಬಿರಡೆ ಎಲ್ಲ ಕಡೆ ಒಂದೇ ಸಮ ಸವೆದಿರಲಿಲ್ಲ. ಉಜ್ಜಿದ ಪಟ್ಟಿ ತಗ್ಗಾಗಿತ್ತು, ಉಜ್ಜದ ಅಂಚು ದಿಬ್ಬವಾಗಿ ಉಳಿದಿತ್ತು. ಆ ದಿಬ್ಬ ಬಿರಡೆಯನ್ನು ಗೂಡಿನ ಮೇಲೆ ಎತ್ತಿ ಹಿಡಿಯುತ್ತಿತ್ತು. ನಟ್ಟನ್ನು ಎಷ್ಟು ಬಿಗಿದರೂ ಕೆಳಕ್ಕೆ ಕಿರಿದಾಗುವ ಆ ಬಿರಡೆ ಇನ್ನಷ್ಟು ಕೆಳಗಿಳಿಯುತ್ತಿರಲಿಲ್ಲ, ದಿಬ್ಬದ ಕೆಳಗಿನ ಸಂದಿನಲ್ಲಿ ಹಬೆ ನುಸುಳುತ್ತಿತ್ತು. ಲಂಡನ್ನಿನ ಡ್ಯೂರನ್ಸ್ ಕಂಪನಿ ಕಿಂಡಿಯ ಸುತ್ತ ಗಾಡಿ, ಅಂದರೆ ಕಿರುತೋಡು, ಕೊರೆದು ಕಲ್ನಾರು ತುಂಬಿದ ಕಾಕ್‌ಗಳನ್ನು ಮಾಡಿತು. ಲೋಹಕ್ಕೂ ಲೋಹಕ್ಕೂ ನಡುವೆ ಮೆತ್ತನೆಯ ಮೂರನೆಯ ವಸ್ತು ಬಂದು ಕೂತದ್ದು ಹೀಗೆ. ಬಾಯ್ಲರ್ ಮನೆಯ ಮಟ್ಟಿಗೆ ಅದು ಸಾಕಾಯಿತು. ಚಿನ್ನದ ಗಣಿಯಲ್ಲಿ ಸಾಕಾಗಲಿಲ್ಲ.

1887ರಲ್ಲಿ ಗ್ಲಾಸ್ಗೋ ನಗರದಲ್ಲಿ ಜಾನ್ ಸ್ಟೂವರ್ಟ್ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸೋದರರು ತೆಳು ಸಯನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದರು. ಕೆಲವೇ ವರ್ಷಗಳಲ್ಲಿ ಅದು ದಕ್ಷಿಣ ಆಫ್ರಿಕ, ಅಮೆರಿಕ, ಆಸ್ಟ್ರೇಲಿಯಗಳಿಗೆ ಹಬ್ಬಿತು. ಜಾನ್ ಟೇಲರ್ ಅಂಡ್ ಸನ್ಸ್ ನಡೆಸುತ್ತಿದ್ದ ಕೋಲಾರದ ಗಣಿಗಳಿಗೂ ಬಂತು. ಕೆಜಿಎಫ್‌ನಲ್ಲಿ ಇಂದಿಗೂ ಬೂದು ಬಣ್ಣದ ಗುಡ್ಡಗಳಾಗಿ ನಿಂತಿರುವ ಸಯನೈಡ್ ದಿಬ್ಬಗಳು ಆ ಕೆಲಸದ ಗುರುತುಗಳೇ. ಅದಿರನ್ನು ಹಿಟ್ಟಿನಂತೆ ಪುಡಿಮಾಡಿ ನೀರಿನಲ್ಲಿ ಕಲಸಿ, ವಿಷ ಬೆರೆಸಿ, ಕೊಳವೆಗಳಲ್ಲಿ ಹರಿಸಬೇಕಿತ್ತು. ವಾಲ್ವ್‌ಗಳಿಗೆ ಅಲ್ಲಿಂದ ಶನಿಕಾಟ ಶುರುವಾಯಿತು.

ಅಮೆರಿಕದ ದಕ್ಷಿಣ ಡಕೋಟದ ಹೋಮ್‌ಸ್ಟೇಕ್ ಗಣಿಯಲ್ಲಿ ಆ ಕಾಟ ತುದಿಮುಟ್ಟಿತು. ಅಲ್ಲಿನ ಅದಿರಿನಲ್ಲಿ ಚಿನ್ನದ ಅಂಶ ಕಡಿಮೆ. ಲಾಭ ಬರಬೇಕಾದರೆ ಅದಿರನ್ನು ಅಪಾರ ಪ್ರಮಾಣದಲ್ಲಿ ಸಂಸ್ಕರಿಸಬೇಕಿತ್ತು. ‘ಸಯನೈಡ್ ಚಾರ್ಲಿ’ ಎಂದೇ ಹೆಸರಾದ ಚಾರ್ಲ್ಸ್ ವಾಷಿಂಗ್ಟನ್ ಮೆರಿಲ್ ಅದಿರಿನ ಮರಳಿನಂಥ ಭಾಗದಿಂದ ಚಿನ್ನ ತೆಗೆಯುವುದನ್ನು ಮೊದಲೇ ಸಾಧಿಸಿದ್ದ. ಅತಿ ನುಣ್ಣನೆಯ ಲೋಳೆಯಂಥ ಕೆಸರು ಮಾತ್ರ ಹಳ್ಳದ ಪಾಲಾಗುತ್ತಿತ್ತು, ಅದರ ಜೊತೆ ಚಿನ್ನವೂ ಹರಿದು ಹೋಗುತ್ತಿತ್ತು. ಸೋಸಲು ಹೋದರೆ ಬಟ್ಟೆ ಕಟ್ಟಿಕೊಳ್ಳುತ್ತಿತ್ತು. ಬಟ್ಟೆಯಲ್ಲಿ ಒತ್ತಿ ಸೋಸುವ ಫಿಲ್ಟರ್ ಪ್ರೆಸ್ ಬಿಚ್ಚಿ ಕೆಸರು ಕೆರೆದು ಹಾಕಲು ಕೂಲಿ ಗಿಟ್ಟುತ್ತಿರಲಿಲ್ಲ. ಮೆರಿಲ್ ಬಿಚ್ಚದೆಯೇ ಒಳಗಿನಿಂದ ನೀರು ಚಿಮ್ಮಿ ತೊಳೆದುಕೊಳ್ಳುವ ದೈತ್ಯ ಪ್ರೆಸ್‌ಗಳನ್ನು ರೂಪಿಸಿದ. 1906ರಲ್ಲಿ ಡೆಡ್‌ವುಡ್ ಊರಿನಲ್ಲಿ ಅವುಗಳ ಸ್ಥಾವರ ಎದ್ದಿತು.

ಒಂದು ಸಮಸ್ಯೆ ಬಗೆಹರಿಯಿತು, ಇನ್ನೊಂದು ಎದ್ದು ನಿಂತಿತು. ಇಂಥ ಸ್ಥಾವರಗಳಲ್ಲಿ ಕೆಸರು ಬಿಡು, ನಿಲ್ಲಿಸು, ದ್ರಾವಣ ಬಿಡು, ನಿಲ್ಲಿಸು, ತೊಳೆ, ಮತ್ತೆ ಮೊದಲಿನಿಂದ ಎಂದು ಕೆಲಸ ಸುತ್ತುತ್ತಿತ್ತು. ಪ್ರತಿ ಸುತ್ತಿಗೂ ಹತ್ತಾರು ವಾಲ್ವ್‌ಗಳು ತೆರೆದು ಮುಚ್ಚಬೇಕಿತ್ತು. ಹಲಗೆ ಇಳಿಸಿ ಮುಚ್ಚುವ ಗೇಟ್ ವಾಲ್ವಿನ ತಳದ ಗಾಡಿಯಲ್ಲಿ ಮರಳು ತುಂಬಿಕೊಂಡು ಗೇಟು ಕೂರುತ್ತಲೇ ಇರಲಿಲ್ಲ. ಗ್ಲೋಬ್ ವಾಲ್ವಿನ ತಿರುವುಗಳಲ್ಲಿ ಕೆಸರು ಕಟ್ಟುತ್ತಿತ್ತು. ತಡೆಯಿಲ್ಲದ ನೇರ ದಾರಿ ಇದ್ದದ್ದು ಪ್ಲಗ್ ಕಾಕ್‌ಗೆ ಮಾತ್ರ. ಅದರ ಸಂದಿಗೇ ಕಲ್ಲಿನ ಪುಡಿ ನುಗ್ಗಿ ಬೀಸುಕಲ್ಲಿನಂತೆ ಲೋಹವನ್ನು ಅರೆಯಿತು.

ಗಣಿಗಾರಿಕೆಯ ಎಂಜಿನಿಯರ್‌ಗಳು ತಿಳಿದ ಉಪಾಯಗಳನ್ನೆಲ್ಲ ಒಂದೊಂದಾಗಿ ಮುಗಿಸಿದರು. ನಟ್ಟು ಬಿಗಿದರೆ ಬಿರಡೆ ಜಾಮ್ ಆಯಿತು. ಸ್ಪ್ಯಾನರಿಗೆ ಉದ್ದನೆಯ ಪೈಪು ತೊಡಿಸಿ ಇಬ್ಬರು ಜಗ್ಗಿದರೆ ಬಿರಡೆಯ ಕತ್ತೇ ತಿರುಚಿಕೊಂಡಿತು. ಸಡಿಲಿಸಿದರೆ ಚಿನ್ನ ಕರಗಿದ ವಿಷದ ನೀರು ನೆಲಕ್ಕೆ ತೊಟ್ಟಿಕ್ಕಿತು. ಗಟ್ಟಿ ಲೋಹ ಹಾಕಿದರೆ ಗೂಡು ಸವೆಯಿತು, ಗೂಡೂ ಗಟ್ಟಿಯಾದರೆ ಎರಡೂ ಗೀರಿಕೊಂಡವು. ಗ್ರೀಸ್ ಹಚ್ಚಿದರೆ ಚೆನ್ನಾಗಿ ತಿರುಗುತ್ತಿತ್ತು, ಸೋರಿಕೆಯೂ ನಿಲ್ಲುತ್ತಿತ್ತು. ಆದರೆ ಗ್ರೀಸ್ ಹಚ್ಚಲು ವಾಲ್ವ್ ಬಿಚ್ಚಬೇಕು, ಬಿಚ್ಚಲು ಇಡೀ ಲೈನು ನಿಲ್ಲಿಸಬೇಕು. ನಾಲ್ಕು ಸಲ ತಿರುಗಿಸುವಷ್ಟರಲ್ಲಿ ಗ್ರೀಸ್ ತೊಳೆದು ಹೋಗಿರುತ್ತಿತ್ತು.

ಮೆರಿಲ್‌ನ ಕಂಪನಿಯಲ್ಲಿ ಸ್ವೀಡನ್ ಮೂಲದ ಸ್ವೆನ್ ನಾರ್ಡ್‌ಸ್ಟ್ರಾಮ್ ಎಂಬ ಎಂಜಿನಿಯರ್ ಇದ್ದ. 20ನೇ ಶತಮಾನದ ಆರಂಭದ ಆ ವರ್ಷಗಳಲ್ಲಿ ಉಳಿದವರು ಲೋಹದ ಗಟ್ಟಿತನದ ಹಿಂದೆ ಬಿದ್ದಿದ್ದಾಗ ಅವನು ಗ್ರೀಸಿನ ಹಿಂದೆ ಬಿದ್ದ. ಗ್ರೀಸ್ ಹಚ್ಚಿದ ವಾಲ್ವ್ ಸ್ವಲ್ಪ ಹೊತ್ತಾದರೂ ಸರಿಯಾಗಿ ನಡೆಯುತ್ತದೆ ಎಂದಾದರೆ, ಆ ಸ್ವಲ್ಪ ಹೊತ್ತನ್ನು ಮುಗಿಯಲು ಬಿಡದಿದ್ದರೆ ಸಾಕಲ್ಲ! ಅವನು ಬಿರಡೆಯ ಕತ್ತಿನ ನಟ್ಟನಡುವೆ ಉದ್ದಕ್ಕೆ ತೂತು ಕೊರೆದ. ಅದರೊಳಗೆ ಗಟ್ಟಿ ಗ್ರೀಸಿನ ಕಡ್ಡಿ ಇಟ್ಟು ಮೇಲಿನಿಂದ ತಿರುಪು ಹಾಕಿದ. ತಿರುಪು ಬಿಗಿದಾಗ ಗ್ರೀಸ್ ಒಳದಾರಿ ಹಿಡಿದು ಬಿರಡೆಯ ಮೈಮೇಲಿನ ಗಾಡಿಗಳಿಗೆ ಇಳಿಯಿತು. ಕೊಳವೆಯೊಳಗಿನ ಒತ್ತಡ ಗ್ರೀಸನ್ನು ಹಿಂದಕ್ಕೆ ನೂಕದಂತೆ ಒಂದು ಪುಟ್ಟ ತಡೆಗುಂಡು ಕಾದಿತ್ತು. ವಾಲ್ವ್ ಬಿಚ್ಚಬೇಕಿಲ್ಲ, ಲೈನು ನಿಲ್ಲಿಸಬೇಕಿಲ್ಲ.

ಇಷ್ಟಕ್ಕೇ ಕತೆ ಮುಗಿಯುವಂತಿರಲಿಲ್ಲ. ಬಿರಡೆ ತಿರುಗುವಾಗ ಅದರ ಮೈಮೇಲಿನ ಗಾಡಿಗಳು ಕೊಳವೆಯ ಬಾಯಿಯನ್ನು ದಾಟಿ ಹೋಗಬೇಕು. ದಾಟುವ ಆ ಗಳಿಗೆಯಲ್ಲಿ ಒತ್ತಡದಲ್ಲಿದ್ದ ಗ್ರೀಸೆಲ್ಲ ಹರಿವಿಗೆ ಚಿಮ್ಮಿ ಖಾಲಿಯಾಗುವ ಸಂಭವವಿತ್ತು. ಇದಕ್ಕೆ ಸಿಕ್ಕ ಉತ್ತರ ಗಾಡಿಗಳನ್ನು ತುಂಡರಿಸುವುದು. ಉದ್ದದ ಗಾಡಿಗಳು ಮತ್ತು ಅವನ್ನು ಜೋಡಿಸುವ ಮೋಟು ಗಾಡಿಗಳನ್ನು ಬಿರಡೆಯಲ್ಲೂ ಗೂಡಿನಲ್ಲೂ ಹಂಚಿ ಕೊರೆಯಲಾಯಿತು. ವಾಲ್ವ್ ಪೂರ್ತಿ ತೆರೆದಾಗ ಅಥವಾ ಪೂರ್ತಿ ಮುಚ್ಚಿದಾಗ ಅವೆಲ್ಲ ಒಂದಕ್ಕೊಂದು ಕೂಡಿ ಕಿಂಡಿಯ ಸುತ್ತ ಗ್ರೀಸಿನ ಚೌಕಟ್ಟು ಕಟ್ಟುತ್ತಿದ್ದವು. ತಿರುಗುವ ಹೊತ್ತಿನಲ್ಲಿ ಬಾಯಿಗೆ ತೆರೆದುಕೊಂಡ ಗಾಡಿಯ ಸಂಪರ್ಕ ತಾನಾಗಿ ಕಡಿದು ಹೋಗುತ್ತಿತ್ತು. ಚಿಮ್ಮಿದರೂ ಆ ತುಂಡಿನಲ್ಲಿದ್ದಷ್ಟೇ ಗ್ರೀಸ್ ಚಿಮ್ಮುತ್ತಿತ್ತು.

ಗ್ರೀಸಿನಿಂದ ಇನ್ನೂ ಒಂದು ಕೆಲಸ ತೆಗೆಯಲಾಯಿತು. ಗಾಡಿಗಳ ಕೊನೆ ಬಿರಡೆಯ ಕಿರಿದಾದ ತುದಿಯ ಕೆಳಗಿನ ಪುಟ್ಟ ಕೋಣೆಗೆ ಕೂಡಿಕೊಂಡಿತು. ಬಿರಡೆ ಜಾಮ್ ಆದಾಗ ಮೇಲಿನ ತಿರುಪನ್ನು ಬಿಗಿದರೆ ಗ್ರೀಸಿನ ಒತ್ತಡ ಆ ಕೋಣೆಯನ್ನು ತುಂಬಿ ಬಿರಡೆಯನ್ನು ಕೂದಲೆಳೆಯಷ್ಟು ಮೇಲಕ್ಕೆತ್ತುತ್ತಿತ್ತು. ಅದುವರೆಗೆ ಇಬ್ಬರು ಜಗ್ಗಿದರೂ ಅಲುಗದ ಬಿರಡೆಯನ್ನು ಒಬ್ಬನೇ ತಿರುಗಿಸಬಹುದಾಯಿತು.

ಈ ವಾಲ್ವ್ ಮೆರಿಲ್ ಮತ್ತು ನಾರ್ಡ್‌ಸ್ಟ್ರಾಮ್ ಇಬ್ಬರ ಹೆಸರನ್ನೂ ಹೊತ್ತ ‘ಮೆರ್ಕೊ ನಾರ್ಡ್‌ಸ್ಟ್ರಾಮ್’ ಕಂಪನಿಯಿಂದ ಕ್ಯಾಲಿಫೋರ್ನಿಯದ ಓಕ್ಲೆಂಡಿನಲ್ಲಿ ತಯಾರಾಗತೊಡಗಿತು. ಗಣಿಗೆಂದು ಹುಟ್ಟಿದ್ದನ್ನು ತೈಲ ಮತ್ತು ಅನಿಲದವರು ಕೈಬೀಸಿ ಕರೆದರು. ಅಲ್ಲಿ ಹೊಸ ಶತ್ರು ಕಾದಿತ್ತು. ಪೆಟ್ರೋಲಿಯಂ ಎಣ್ಣೆಯಿಂದ ಮಾಡಿದ ಗ್ರೀಸನ್ನು ಪೆಟ್ರೋಲೇ ಕರಗಿಸಿ ಕೊಂಡೊಯ್ಯುತ್ತಿತ್ತು! ಪೆಟ್ರೋಲಿನಲ್ಲಿ ಸುಲಭವಾಗಿ ಕರಗದ ಎಣ್ಣೆಯೊಂದು ಆಗಲೇ ಹೆಸರು ಮಾಡಿತ್ತು. ಅದು ಹರಳೆಣ್ಣೆ. ಮೊದಲ ಮಹಾಯುದ್ಧದ ವಿಮಾನಗಳ ಸುತ್ತುವ ಎಂಜಿನ್‌ಗಳಿಗೆ ಹರಳೆಣ್ಣೆ ಹಾಕುತ್ತಿದ್ದದ್ದು ಅದೇ ಗುಣಕ್ಕಾಗಿ. ವಾಲ್ವ್‌ಗೂ ಹರಳೆಣ್ಣೆ ಆಧಾರದ ಗ್ರೀಸ್‌ಗಳು ಬಂದವು. ಒಳಗೆ ಏನು ಹರಿಯುತ್ತದೆ ಎಂದು ಕೇಳಿಯೇ ಗ್ರೀಸ್ ಆರಿಸುವ ಪದ್ಧತಿ ಬೆಳೆಯಿತು.

ಒತ್ತಡ ಏರಿದಂತೆ ಇನ್ನೊಂದು ತಂಟೆ ಎದ್ದಿತು. ಅಧಿಕ ಒತ್ತಡದ ಅನಿಲ ಸಂದಿಯಲ್ಲಿ ನುಸುಳಿ ಬಿರಡೆಯ ಅಗಲ ತುದಿಯ ಹಿಂದೆ ಸೇರಿಕೊಳ್ಳುತ್ತಿತ್ತು. ಅದು ಬಿರಡೆಯನ್ನು ಗೂಡಿನೊಳಕ್ಕೆ ನೂಕಿ ಬೆಣೆಯಂತೆ ಸಿಕ್ಕಿಸಿಬಿಡುತ್ತಿತ್ತು. ಗ್ರೀಸಿನ ಒತ್ತಡ ಇಲ್ಲಿ ಸೋತಿತು. ಗೆದ್ದದ್ದು ಬಿರಡೆಯಲ್ಲೇ ಕೊರೆದ ಸಣ್ಣ ತೂತುಗಳು. ಅನಿಲವನ್ನು ಹೊರಗಿಡುವ ಬದಲು ಎರಡೂ ತುದಿಗೆ ಬಿಟ್ಟುಕೊಟ್ಟಾಗ ನೂಕುವ ಬಲಗಳು ಒಂದಕ್ಕೊಂದು ತೂಗಿದವು, ಬಿರಡೆ ಸಿಕ್ಕಿಕೊಳ್ಳುವುದು ನಿಂತಿತು. ಬ್ರಿಟನ್ನಿನಲ್ಲಿ ಇಂಥ ವಾಲ್ವ್‌ಗಳನ್ನು ಆಡ್ಲಿ ಎಂಜಿನಿಯರಿಂಗ್ ಕಂಪನಿ ‘ಆಡ್ಕೊ’ ಹೆಸರಿನಲ್ಲಿ ಮಾಡುತ್ತಿತ್ತು. ಆ ಕಂಪನಿ ಮತ್ತು ಲಾರ್ಸನ್ ಅಂಡ್ ಟೂಬ್ರೊ ಕೂಡಿ 1961ರಲ್ಲಿ ಆಡ್ಕೊ ಇಂಡಿಯಾ ಆರಂಭಿಸಿದಾಗ ಈ ವಿದ್ಯೆ ಚೆನ್ನೈಗೆ ಬಂದಿಳಿಯಿತು.

ಇಷ್ಟಾದರೂ ಕೆಲವು ಕಡೆ ಗ್ರೀಸನ್ನು ಹತ್ತಿರ ಸೇರಿಸುವಂತಿರಲಿಲ್ಲ. ಔಷಧದಲ್ಲಿ, ಆಹಾರದಲ್ಲಿ ಅದು ಬೆರೆಯಬಾರದು. ಕಡು ಆಮ್ಲದಲ್ಲಿ ಅದು ಉಳಿಯದು. ಅಂಥ ಕಡೆಗಳಿಗೆ ಬಾಗಿಲು ತೆರೆದದ್ದು ವಾಲ್ವಿಗೆ ಸಂಬಂಧವೇ ಇಲ್ಲದ ಒಂದು ಆಕಸ್ಮಿಕ. 1938ರ ಏಪ್ರಿಲ್ 6ರಂದು ಅಮೆರಿಕದ ನ್ಯೂಜೆರ್ಸಿಯ ಡ್ಯುಪಾಂಟ್ ಪ್ರಯೋಗಾಲಯದಲ್ಲಿ ರಾಯ್ ಪ್ಲಂಕೆಟ್ ಮತ್ತು ಅವನ ಸಹಾಯಕ ಜ್ಯಾಕ್ ರೆಬೊಕ್ ಫ್ರಿಜ್ಜಿಗೆ ಹೊಸ ಅನಿಲ ಹುಡುಕುತ್ತಿದ್ದರು. ಟೆಟ್ರಾಫ್ಲೋರೋಎಥಿಲೀನ್ ತುಂಬಿಟ್ಟಿದ್ದ ಸಿಲಿಂಡರಿನ ವಾಲ್ವ್ ತಿರುಗಿಸಿದರೆ ಏನೂ ಬರಲಿಲ್ಲ. ಖಾಲಿಯಾಗಿದೆ ಎಂದು ಬದಿಗಿಟ್ಟಿದ್ದರೆ ಕತೆ ಅಲ್ಲಿಗೇ ನಿಲ್ಲುತ್ತಿತ್ತು. ತೂಕ ನೋಡಿದರು. ತೂಕ ಕಡಿಮೆಯಾಗಿರಲಿಲ್ಲ. ಸಿಲಿಂಡರನ್ನು ಗರಗಸದಿಂದ ಕೊಯ್ದರು. ಒಳಗೆ ಮೇಣದಂತೆ ಜಾರುವ ಬಿಳಿ ಪುಡಿ ಇತ್ತು. ಅನಿಲದ ಅಣುಗಳು ತಮ್ಮಷ್ಟಕ್ಕೆ ಕೈಕೈ ಹಿಡಿದು ಸರಪಳಿಯಾಗಿದ್ದವು. ಅದಕ್ಕೆ ಯಾವ ಆಮ್ಲವೂ ತಾಕಲಿಲ್ಲ, ಅದರ ಮೇಲೆ ಏನೂ ಅಂಟಲಿಲ್ಲ. ಅಣುಬಾಂಬಿನ ಯೋಜನೆಯಲ್ಲಿ ಯುರೇನಿಯಂನ ಘೋರ ಅನಿಲವನ್ನು ತಡೆಯುವ ಸೀಲುಗಳಿಗೆ ಅದು ಮೊದಲು ಬಳಕೆಯಾಯಿತು. ಟೆಫ್ಲಾನ್ ಎಂಬ ಹೆಸರು ಆಮೇಲೆ ಬಂತು.

ಬಿರಡೆ ಮತ್ತು ಗೂಡಿನ ನಡುವೆ ಅಂಗಿಯದರಂಥ ಟೆಫ್ಲಾನ್ ತೋಳು ತೊಡಿಸಿದರೆ ಗ್ರೀಸೇ ಬೇಡ ಎನ್ನಿಸಿತು. ಆದರೆ ಟೆಫ್ಲಾನಿಗೂ ಒಂದು ದುರ್ಗುಣವಿತ್ತು. ಒತ್ತಡ ಬಿದ್ದರೆ ತಣ್ಣಗಿದ್ದಾಗಲೇ ನಿಧಾನವಾಗಿ ಹರಿದು ಜಾಗ ಬಿಟ್ಟು ಓಡುತ್ತಿತ್ತು. ಬಿಗಿದಷ್ಟೂ ಕಿಂಡಿಯ ಕಡೆಗೆ ಉಬ್ಬುತ್ತಿತ್ತು, ಹರಿವು ಅದನ್ನು ಕೊಚ್ಚಿಕೊಂಡು ಹೋಗುತ್ತಿತ್ತು. 1950ರ ದಶಕದಲ್ಲಿ ಸಿನ್ಸಿನಾಟಿಯಲ್ಲಿ, ಮುಂದೆ ಕ್ಸೋಮೊಕ್ಸ್ ಎಂದು ಹೆಸರಾದ ಕಂಪನಿ ಆ ದುರ್ಗುಣವನ್ನೇ ಕೆಲಸಕ್ಕೆ ಹಚ್ಚಿತು. ಕಿಂಡಿಗಳ ಸುತ್ತ ಲೋಹದ ತುಟಿಗಳನ್ನು ಕಟ್ಟಿ, ತೋಳು ಯಾವ ಕಡೆಗೂ ಓಡದಂತೆ ಬಂಧಿಸಲಾಯಿತು. ಓಡಲು ದಾರಿಯಿಲ್ಲದ ಟೆಫ್ಲಾನ್ ಬಿರಡೆಯ ಮೈಗೇ ಒತ್ತಿಕೊಂಡಿತು. ಸ್ವಲ್ಪ ಸವೆದಾಗ ಮೇಲಿನ ಬೋಲ್ಟುಗಳನ್ನು ತುಸು ಬಿಗಿದರೆ ಬಿರಡೆ ಇಳಿದು, ಟೆಫ್ಲಾನ್ ಹರಿದು, ಸಂದು ಮುಚ್ಚಿಕೊಂಡಿತು. ಆಗ ಕಾಗದ ಗಿರಣಿಯ ಊರಾಗಿದ್ದ ಮಿನ್ನೆಸೋಟದ ಸಾರ್ಟೆಲ್‌ನ ಡಿಝೂರಿಕ್ ಕಂಪನಿ ಬೇರೊಂದು ದಾರಿ ಹಿಡಿಯಿತು. ಅದರ ಬಿರಡೆ ನಡುಗೆರೆಯಿಂದ ಸರಿದ ಅಕ್ಷದಲ್ಲಿ ತಿರುಗಿ, ಅಲುಗಿದ ಕೂಡಲೇ ಆಸನದಿಂದ ದೂರ ಸರಿಯಿತು. ಉಜ್ಜುವುದೇ ಇಲ್ಲದಿದ್ದರೆ ಸವೆಯುವುದೆಲ್ಲಿ!

ಇಷ್ಟು ಹೋರಾಟದ ಕೊನೆಗೆ ಸಿಕ್ಕ ತಿಳಿವು ಚಿಕ್ಕದು. ಬಿರಡೆ ಕಾಲು ಸುತ್ತು ತಿರುಗಿದಾಗ ಅದರ ಅಗಲ ತುದಿಯ ಮೈ ಹೆಚ್ಚು ದೂರ ಉಜ್ಜುತ್ತದೆ, ಕಿರಿದಾದ ತುದಿ ಕಡಿಮೆ ದೂರ. ಹಾಗಾಗಿ ಅಗಲ ತುದಿ ಮೊದಲು ಸವೆಯುತ್ತದೆ. ಸವೆದ ಕಡೆ ಒತ್ತು ಇಳಿಯುತ್ತದೆ, ಭಾರ ಕಿರಿದಾದ ತುದಿಗೆ ವಾಲುತ್ತದೆ, ಆಮೇಲೆ ಅದು ಸವೆಯುತ್ತದೆ. ಬಿರಡೆಗೆ ಕೆಳಗಿಳಿಯಲು ಜಾಗವಿದ್ದರೆ ಈ ಲೆಕ್ಕ ತಾನಾಗಿ ಸಮವಾಗುತ್ತದೆ. 6 ಮಿಲಿಮೀಟರ್ ಉದ್ದಕ್ಕೆ 1 ಮಿಲಿಮೀಟರ್ ವ್ಯಾಸ ಕಿರಿದಾಗುವ ಬಿರಡೆಯಲ್ಲಿ ಸುತ್ತಲೂ 0.01 ಮಿಲಿಮೀಟರ್ ಸವೆದರೆ, ಬಿರಡೆ 0.12 ಮಿಲಿಮೀಟರ್ ಇಳಿದು ಸಂದನ್ನು ಮುಚ್ಚುತ್ತದೆ. ಅದನ್ನು ಇಳಿಯಗೊಡದಿದ್ದದ್ದು ಹಳೆಯ ಫಿಟ್ಟರ್‌ಗಳು ಕಂಡ ಆ ದಿಬ್ಬ. ಉಜ್ಜುವ ಪಟ್ಟಿಯ ಆಚೀಚಿನ ಲೋಹವನ್ನು ಸ್ವಲ್ಪ ತಗ್ಗಿಸಿ ಕೊರೆದಾಗ ದಿಬ್ಬ ಹುಟ್ಟಲು ಜಾಗವೇ ಉಳಿಯಲಿಲ್ಲ. ಇನ್ನುಳಿದದ್ದು ನಡುವಿನ ಮೂರನೆಯ ವಸ್ತು. ಅದು ಕಲ್ನಾರಾಗಲಿ, ಗ್ರೀಸಾಗಲಿ, ಟೆಫ್ಲಾನ್ ಆಗಲಿ, ಲೋಹಗಳನ್ನು ಬೇರೆಯಾಗಿಟ್ಟು ದಾರಿಯನ್ನು ಮುಚ್ಚಿತು. ಬಿಗಿ ಮತ್ತು ಸಡಿಲಗಳ ಜಗಳ ಅಲ್ಲಿಗೆ ತೀರಿತು. ಸವೆತವನ್ನು ಯಾರೂ ಗೆಲ್ಲಲಿಲ್ಲ, ಅದನ್ನು ಸಮನಾಗಿ ಹಂಚಲು ಕಲಿತರು.

ಸಿರುಗುಪ್ಪದ ಭತ್ತದ ಹೊಟ್ಟು ಉರಿಯುವ ಅಕ್ಕಿ ಗಿರಣಿಯ ಬಾಯ್ಲರಿನಿಂದ ಕುರುಗೋಡಿನ ಅಡುಗೆಮನೆಯವರೆಗೆ ಈ ಬಿರಡೆ ಇಂದೂ ಕೆಲಸದಲ್ಲಿದೆ. ಗ್ಯಾಸ್ ಒಲೆಯ ನಾಬಿನ ಹಿಂದೆ ಇರುವುದು ಬೆರಳುದ್ದದ ಹಿತ್ತಾಳೆಯ ಗೂಡು, ಅದರೊಳಗೆ ಕಿರಿದಾಗುತ್ತ ಹೋಗುವ ಬಿರಡೆ. ಸವೆದಂತೆಲ್ಲ ಅದನ್ನು ಒಳಕ್ಕೆ ಒತ್ತುವುದು ಒಂದು ಸ್ಪ್ರಿಂಗು, ನಡುವೆ ನಿಂತು ಗ್ಯಾಸನ್ನು ತಡೆಯುವುದು ತೆಳ್ಳನೆಯ ಗ್ರೀಸು. ನಾಬು ಬಿಗಿಯಾಯಿತೆಂದರೆ ಸಾಮಾನ್ಯವಾಗಿ ಆ ಗ್ರೀಸ್ ಒಣಗಿದೆ ಎಂದೇ ಅರ್ಥ. ಬಲ ಹಾಕಿ ತಿರುಗಿಸಿದರೆ ಹಿತ್ತಾಳೆ ಗೀರಿಕೊಳ್ಳುತ್ತದೆ, ಅಡುಗೆ ಎಣ್ಣೆ ಬಿಟ್ಟರೆ ನಿಲ್ಲುವುದಿಲ್ಲ. ಒಲೆ ರಿಪೇರಿಯವರು ಬಿರಡೆ ಬಿಚ್ಚಿ, ಒರೆಸಿ, ಗ್ಯಾಸಿಗೆ ಕರಗದ ಗ್ರೀಸ್ ಹಚ್ಚಿ ಕೂರಿಸುವುದೊಂದೇ ಅದಕ್ಕೆ ಸರಿಯಾದ ಪರಿಹಾರ.